ಬೈಯಲು ಬಾರದವರ ಸೇವೆ

ಈ ವರ್ಷವೂ ಕರೆ ಬಂದಿದೆ. ಆಗಸ್ಟಿನಲ್ಲಿ ಹನ್ನೆರಡು ದಿನ, ಆಫ್ರಿಕಾದ ಮಲಾವಿ ದೇಶ, ವೈದ್ಯಕೀಯ ಮತ್ತು ಸಮುದಾಯ ಸೇವೆ, ತಲೆಗೆ ಒಂದು ಲಕ್ಷ ನಲವತ್ತು ಸಾವಿರ. ಪೋಸ್ಟರಿನಲ್ಲಿ ಬಿಳಿ ಕೋಟು ತೊಟ್ಟ ಒಬ್ಬಳು ಅಲ್ಲಿನ ಮಗುವೊಂದನ್ನು ಎತ್ತಿಕೊಂಡು ನಗುತ್ತಿದ್ದಾಳೆ. ಆ ಒಬ್ಬಳು ನಾನೇ. 2023ರ ಫೋಟೊ ಅದು. ನನ್ನನ್ನು ಕೇಳದೆ ಹಾಕಿದ್ದಾರೆ. ಮಗುವಿನ ತಾಯಿಯನ್ನಂತೂ ಕೇಳಿರಲಿಕ್ಕಿಲ್ಲ. ಫೋಟೊ ತೆಗೆಸಿಕೊಳ್ಳುವಾಗ ನಾನೂ ಕೇಳಿರಲಿಲ್ಲ. ಆಕೆಯ ಭಾಷೆಯಲ್ಲಿ ಹೇಗೆ ಕೇಳಬೇಕೆಂದು ನನಗೆ ಗೊತ್ತಿರಲಿಲ್ಲ.

ನಾನು ಗದಗ-ಬೆಟಗೇರಿಯವಳು. ಪುಣೆಗೆ ಬಂದು ಹದಿನಾರು ವರ್ಷವಾಯಿತು, ಸ್ಟಾಫ್ ನರ್ಸ್. ನಾಲ್ಕು ತಲೆಮಾರಿನಿಂದ ನಾವು ಕ್ರೈಸ್ತರು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದಿನ ಮಾತು ಓದಿ ನಮ್ಮ ಸಭೆಯವರು ‘ಹೊರಗಿನವರಿಗೆ ಹೊಟ್ಟೆಕಿಚ್ಚು’ ಎಂದು ತಳ್ಳಿಹಾಕಬಾರದು. ನನ್ನ ವಾದ ಇಷ್ಟೇ: ಈ ಹನ್ನೆರಡು ದಿನದ ಸೇವಾಯಾತ್ರೆಗಳು ನಿಲ್ಲಬೇಕು. ಹಣ ಪೋಲಾಗುತ್ತದೆ ಎನ್ನುವುದು ಸಣ್ಣ ಕಾರಣ. ರೋಗಿಗೆ ಕೆಡುಕಾಗುತ್ತದೆ ಎನ್ನುವುದು ದೊಡ್ಡದು. ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ, ಕೈಯಾರೆ ಮಾಡಿದ್ದೇನೆ.

ಲೆಕ್ಕ ಕೇಳಿ. ಹನ್ನೆರಡು ದಿನದಲ್ಲಿ ಹೋಗಿ ಬರುವುದಕ್ಕೆ ಎರಡು ದಿನ, ಭಾನುವಾರ ಒಂದು, ಮಲಾವಿ ಸರೋವರ ನೋಡುವುದಕ್ಕೆ ಇನ್ನೊಂದು. ಉಳಿದದ್ದು ಎಂಟು. ದಿನಕ್ಕೆ ಆರು ಗಂಟೆ, ಮೂವರು ಡಾಕ್ಟರು. ನಾವು ನೋಡಿದ ರೋಗಿಗಳು 1,440. ತಲೆಗೆ ಆರು ನಿಮಿಷ ಬಂತು, ಅದರಲ್ಲಿ ಅರ್ಧ ದುಭಾಷಿಯ ಪಾಲು. ಪುಣೆಗೆ ಮರಳಿದ ಮೇಲೆ ವರದಿಯಲ್ಲಿ ಬರೆದದ್ದು ‘1,440 ಬದುಕುಗಳನ್ನು ಮುಟ್ಟಿದೆವು’ ಎಂದು. ಮುಟ್ಟಿದ್ದು ನಿಜ. ನಾಡಿ ನೋಡಲು ಮುಟ್ಟಲೇಬೇಕಲ್ಲ.

ಮೂರನೆಯ ದಿನ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ನನ್ನ ಮುಂದೆ ಕೂತಳು. ನಮ್ಮ ದುಭಾಷಿ ಅಲ್ಲಿನ ಸಭೆಯ ಹುಡುಗ, ಇಪ್ಪತ್ತು ದಾಟಿರಲಿಲ್ಲ. ಆಕೆ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಏನೋ ನಾಲ್ಕು ಮಾತು ಹೇಳಿದಳು. ‘ಎದೆ ಉರಿ’ ಎಂದ ಹುಡುಗ. ಡಾಕ್ಟರು ಆಂಟಾಸಿಡ್ ಬರೆದರು, ಚೀಪುವ ಮಾತ್ರೆ. ದಿನಕ್ಕೆ ಮೂರು ಸಲ ಎಂದು ಬೆರಳೆತ್ತಿ ತೋರಿಸಿ ನಾನೇ ನಾಲ್ಕು ಪಟ್ಟಿ ಕೊಟ್ಟೆ. ಆಕೆ ಎರಡೂ ಕೈ ಜೋಡಿಸಿ ‘ಜಿಕೋಮೊ’ ಎಂದಳು. ಧನ್ಯವಾದ ಎಂದರ್ಥ. ನನಗೆ ಬರುತ್ತಿದ್ದ ಎರಡು ಪದಗಳಲ್ಲಿ ಅದೊಂದು.

ಮರುದಿನ ಬೆಳಿಗ್ಗೆ ಅಲ್ಲಿನ ಆರೋಗ್ಯ ಕೇಂದ್ರದ ನರ್ಸ್ ನಮ್ಮ ಶಾಮಿಯಾನಕ್ಕೆ ಬಂದಳು. ನಾವು ಕೊಟ್ಟ ಮಾತ್ರೆಯ ಪಟ್ಟಿಯೊಂದು ಆಕೆಯ ಕೈಯಲ್ಲಿತ್ತು. ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು: “ಇದನ್ನು ಕೊಡುವ ಮೊದಲು, ಬೇರೆ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ ಅಂತ ವಿಚಾರಿಸಿದಿರಾ?” ಆ ದೇಶದಲ್ಲಿ ಎಚ್‌ಐವಿ ಇರುವವರಿಗೆ ಸರ್ಕಾರವೇ ಮಾತ್ರೆ ಕೊಡುತ್ತದೆ. ಈಗ ಕೊಡುವುದರಲ್ಲಿ ಡೊಲುಟೆಗ್ರಾವಿರ್ ಎಂಬ ಔಷಧವಿದೆ. ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುವ ಆಂಟಾಸಿಡ್ ಜೊತೆಗೆ ಹೊಟ್ಟೆಗೆ ಹೋದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಆಂಟಾಸಿಡ್ಡಿಗಿಂತ ಎರಡು ಗಂಟೆ ಮೊದಲು ಇಲ್ಲವೇ ಆರು ಗಂಟೆ ಆಮೇಲೆ ಅದನ್ನು ನುಂಗಬೇಕು. ದಿನಕ್ಕೆ ಮೂರು ಸಲ ಆಂಟಾಸಿಡ್ ಚೀಪುವವಳಿಗೆ ಆ ಅಂತರ ಎಲ್ಲಿ ಸಿಗಬೇಕು? ಮಾತ್ರೆ ಕೈಕೊಟ್ಟರೆ ವೈರಸ್ ತಲೆಯೆತ್ತುತ್ತದೆ. ನರ್ಸಿಂಗ್ ಓದಿದವಳು ನಾನು. ಔಷಧಕ್ಕೆ ಔಷಧ ಹಗೆಯಾಗಬಹುದೆಂದು ನನಗೆ ಗೊತ್ತಿತ್ತು. ಆದರೆ ತನ್ನ ಸಭೆಯ ಹುಡುಗನ ಎದುರು, ತನ್ನ ಮಗನ ವಯಸ್ಸಿನವನ ಎದುರು, ಯಾವ ಹೆಂಗಸು ‘ನಾನು ಆ ಮಾತ್ರೆ ನುಂಗುತ್ತೇನೆ’ ಎಂದು ಬಾಯಿಬಿಟ್ಟಾಳು? ಅದು ನನಗೆ ಹೊಳೆಯಲೇ ಇಲ್ಲ.

ಆ ನರ್ಸ್ ನಮಗೆ ಬೈಯಲಿಲ್ಲ. ನಾವು ಅತಿಥಿಗಳಲ್ಲವೇ. ನಮ್ಮ ರಿಜಿಸ್ಟರಿನಲ್ಲಿ ಆಂಟಾಸಿಡ್ ಕೊಟ್ಟವರ ಹೆಸರುಗಳನ್ನೆಲ್ಲ ಬರೆದುಕೊಂಡಳು. ಎಂಬತ್ತಕ್ಕೂ ಹೆಚ್ಚು ಹೆಸರು. ನಮ್ಮ ಕಾಗುಣಿತದಲ್ಲಿ ಅರ್ಧ ಹೆಸರು ಆಕೆಗೆ ಗುರುತೇ ಸಿಗಲಿಲ್ಲ. ಸೈಕಲ್ ಹತ್ತಿ ಹಳ್ಳಿ ಹಳ್ಳಿ ತಿರುಗಲು ಹೊರಟಳು. ನಾವು ಅಂದು 180 ಮಂದಿಯನ್ನು ನೋಡಿದೆವು.

ರಕ್ತದೊತ್ತಡದ ಕತೆಯೂ ಇಂಥದ್ದೇ. 190 ಮೇಲೆ, 110 ಕೆಳಗೆ ಇದ್ದವರಿಗೆ ಮೂವತ್ತು ದಿನಕ್ಕಾಗುವಷ್ಟು ಅಮ್ಲೋಡಿಪಿನ್ ಕೊಟ್ಟು ಕಳಿಸಿದೆವು. ಬಿಪಿ ಮಾತ್ರೆ ಮೂವತ್ತು ದಿನದ್ದಲ್ಲ, ಜೀವಮಾನದ್ದು. ಮೂವತ್ತೊಂದನೆಯ ದಿನ ಆ ಮನುಷ್ಯ ಯಾರ ಬಳಿ ಹೋಗಬೇಕು? ನಮ್ಮ ಗುಂಪಿನ ಹಿರಿಯರೊಬ್ಬರನ್ನು ಕೇಳಿದೆ. “ಮುಂದಿನ ವರ್ಷ ಮತ್ತೆ ಬರ್ತೀವಲ್ಲ ಸಿಸ್ಟರ್” ಎಂದರು. ತಮಾಷೆಗೆ ಹೇಳಿದ್ದಲ್ಲ, ನಂಬಿಕೆಯಿಂದಲೇ ಹೇಳಿದ್ದು.

ಇನ್ನೊಂದು ಮಾತಿದೆ. ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ಔಷಧ ಕೊಡುವ ಮೇಜಿಗೆ ಮುಂಚೆ ನಮ್ಮದೊಂದು ಪ್ರಾರ್ಥನೆಯ ಮೇಜಿತ್ತು. ‘ನಿಮಗಾಗಿ ಪ್ರಾರ್ಥಿಸಲೇ?’ ಎಂದು ಕೇಳುತ್ತಿದ್ದೆವು. ಬೇಡವೆಂದವರು ಒಬ್ಬರೂ ಇಲ್ಲ ಎಂದು ನಮ್ಮವರು ಹೆಮ್ಮೆಪಟ್ಟರು. ಅಲ್ಲಿನ ಬಹಳ ಮಂದಿ ಕ್ರೈಸ್ತರೇ, ಹಾಗಾಗಿ ಮತಾಂತರದ ಮಾತು ಅಲ್ಲಿ ಬರುವುದಿಲ್ಲ. ಆದರೂ ಪ್ರಶ್ನೆ ಉಳಿಯುತ್ತದೆ. ನಸುಕಿನಲ್ಲಿ ಎದ್ದು ಹತ್ತು ಮೈಲಿ ನಡೆದು ಬಂದವಳು, ಔಷಧದ ಮೇಜು ಇನ್ನೂ ನಾಲ್ಕು ಮಾರು ದೂರವಿರುವಾಗ, ‘ಬೇಡ’ ಎನ್ನುತ್ತಾಳೆಯೇ? ನನ್ನ ದೇವರಲ್ಲಿ ನನಗೆ ನಂಬಿಕೆ ಇದೆ. ಬೇಡ ಎನ್ನಲಾರದವರ ಒಪ್ಪಿಗೆಯನ್ನು ಆತ ಲೆಕ್ಕಕ್ಕಿಡುತ್ತಾನೆಂದು ನಾನು ನಂಬುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಒಂದು ವರ್ಗಕ್ಕೆ ಬಹಳ ಖುಷಿಯಾದೀತು. ‘ನೋಡಿದಿರಾ, ಅವರದೇ ಹುಡುಗಿ ಒಪ್ಪಿಕೊಂಡಳು, ಮಿಶನ್ ಆಸ್ಪತ್ರೆ ಎಂದರೆ ಮತಾಂತರದ ಬಲೆ’ ಎಂದು ವಾಟ್ಸ್‌ಆ್ಯಪಿನಲ್ಲಿ ಹಂಚುವವರು ಅವರು. ಅವರಿಗೆ ನಮ್ಮಜ್ಜಿಯ ಕತೆ ಹೇಳಬೇಕು.

ಬೆಟಗೇರಿಯಲ್ಲಿ ಬಾಸೆಲ್ ಮಿಶನ್ನಿನ ಆಸ್ಪತ್ರೆಯಿದೆ. ನಮ್ಮ ಮಂದಿಗೆ ಅದು ‘ಜರ್ಮನ್ ದವಾಖಾನಿ’. ಅಜ್ಜಿ ಅಲ್ಲಿ ಆಯಾ ಆಗಿದ್ದಳು. ಅಲ್ಲಿದ್ದ ವಿದೇಶಿ ಸಿಸ್ಟರ್ ಒಬ್ಬರ ಬಗ್ಗೆ ಆಕೆ ಹೇಳುತ್ತಿದ್ದದ್ದು ದಯೆ, ಕರುಣೆ, ತ್ಯಾಗದ ಮಾತಲ್ಲ. “ಆಕಿ ನಮ್ಮಂಗ ಬೈತಿದ್ಲವಾ. ಬಾಣಂತಿ ಮೈಲಿಗಿ ಅರಿವಿ ಹಾಸ್ಕೊಂಡು ಮಲಗಿದ್ಲಂದ್ರ, ಬಾಣಂತಿಗಲ್ಲ, ಆಕಿ ಅತ್ತಿಗೆ ಬೈತಿದ್ಲು. ಹೆಂಗ ಬೈತಿದ್ಲಂದ್ರ, ಅತ್ತಿ ಬಾಯಿಗೆ ಸೆರಗು ಹಿಡ್ಕೊಂಡು ನಗಬೇಕು” ಎನ್ನುತ್ತಿದ್ದಳು.

ಅಜ್ಜಿ ಹೇಳಿದ್ದು ಎಷ್ಟು ದೊಡ್ಡ ಮಾತೆಂದು ಮಲಾವಿಯಿಂದ ಬಂದ ಮೇಲೆ ಅರ್ಥವಾಯಿತು. ನಮಸ್ಕಾರ, ಧನ್ಯವಾದ ಎರಡು ದಿನದಲ್ಲಿ ಬರುತ್ತವೆ. ಬೈಯಲು ಬರಬೇಕಾದರೆ ವರ್ಷಗಟ್ಟಲೆ ಅಲ್ಲೇ ಇರಬೇಕು. ಆ ಮನೆಯಲ್ಲಿ ಮಾತು ಯಾರದು ನಡೆಯುತ್ತದೆ, ಬಾಣಂತಿಗೆ ಬೈಯಬೇಕೋ ಅತ್ತೆಗೆ ಬೈಯಬೇಕೋ, ಯಾವ ಬೈಗುಳಕ್ಕೆ ನಗುತ್ತಾರೆ, ಯಾವುದಕ್ಕೆ ಅಳುತ್ತಾರೆ ಎಲ್ಲ ತಿಳಿದಿರಬೇಕು. ಬೈಸಿಕೊಂಡ ಮೇಲೂ ಆಕೆ ನಾಳೆ ಇದೇ ವಾರ್ಡಿನಲ್ಲಿ ಇರುತ್ತಾಳೆಂಬ ಭರವಸೆ ಎದುರಿನವಳಿಗೆ ಇರಬೇಕು. ನಾವು ಆ ಹನ್ನೆರಡು ದಿನವೂ ನಗುತ್ತಲೇ ಇದ್ದೆವು. ಬೇರೆ ಏನೂ ನಮಗೆ ಬರುತ್ತಿರಲಿಲ್ಲ.

ಆ ಹಳೆಯ ಮಿಶನರಿಗಳಿಗೆ ಧರ್ಮದ ಉದ್ದೇಶ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಇತ್ತು, ಅವರು ಮುಚ್ಚಿಟ್ಟೂ ಇರಲಿಲ್ಲ. ಅವರ ಹಿಂದೆ ಸಾಮ್ರಾಜ್ಯದ ನೆರಳೂ ಇತ್ತು. ಆದರೆ ಅವರು ಉಳಿದರು. ಕಿಟ್ಟೆಲ್ 1853ರಲ್ಲಿ ಬಂದರು, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವಿನ ನಲವತ್ತು ವರ್ಷ ಬರೀ ಪದ ಕೂಡಿಸಿದ್ದಲ್ಲ, ಮಂದಿಯ ಮಾತು ಕೇಳಿಸಿಕೊಂಡದ್ದು. ಅದೇ 1894ರಲ್ಲಿ ಕೆನಡಾದ ಡಾಕ್ಟರ್ ವಿಲಿಯಂ ವಾನ್ಲೆಸ್ ಮಿರಜದಲ್ಲಿ ಆಸ್ಪತ್ರೆ ತೆರೆದರು. ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯವರಿಗೆ ದೊಡ್ಡ ಕಾಯಿಲೆ ಬಂದರೆ ‘ಮಿರಜಕ್ಕ ಒಯ್ರಿ’ ಎಂಬ ಮಾತು ಇವತ್ತಿಗೂ ಬಾಯಿಗೆ ಬರುತ್ತದೆ. ವಾನ್ಲೆಸ್ ಸುಮಾರು ನಾಲ್ಕು ದಶಕ ಈ ನೆಲದಲ್ಲಿ ದುಡಿದರು. ಕತ್ತರಿ ಹಿಡಿದು ತಾವೊಬ್ಬರೇ ನಿಲ್ಲದೆ, ಇಲ್ಲಿನ ಹುಡುಗರಿಗೆ ವೈದ್ಯ ಕಲಿಸುವ ಶಾಲೆಯನ್ನೂ ಕಟ್ಟಿದರು. ವೆಲ್ಲೂರಿನಲ್ಲಿ ಐಡಾ ಸ್ಕಡರ್ 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆದರು. ನಾಳೆ ನಾನಿಲ್ಲದಿದ್ದರೂ ಕೆಲಸ ನಡೆಯಬೇಕು ಎಂಬುದು ಅವರ ಲೆಕ್ಕ.

ಆ ಲೆಕ್ಕಕ್ಕೆ ನಮ್ಮ ಕಡೆ ಪರೀಕ್ಷೆಯೂ ಆಯಿತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಬಾಸೆಲ್ ಮಿಶನ್ನಿನ ಜರ್ಮನರನ್ನು ಬ್ರಿಟಿಷ್ ಸರ್ಕಾರ ಶತ್ರುದೇಶದವರೆಂದು ಸೆರೆಯಿಟ್ಟಿತು, ಆಮೇಲೆ ದೇಶದಿಂದಲೇ ಕಳಿಸಿತು. ಇದ್ದಕ್ಕಿದ್ದಂತೆ ದೊರೆಗಳೆಲ್ಲ ಹೋದರು. ಸಭೆ, ಶಾಲೆಗಳ ಭಾರ ಇಲ್ಲಿನವರ ಹೆಗಲಿಗೆ ಬಿತ್ತು, ಅವರು ಹೊತ್ತರು. ನಮ್ಮ ಶಾಮಿಯಾನ ಬಿಚ್ಚಿದ ಸಂಜೆ ಮಲಾವಿಯ ಆ ಹಳ್ಳಿಯಲ್ಲಿ ಏನು ಉಳಿಯಿತು? ಗೂಟ ಕಿತ್ತ ಗುಂಡಿಗಳು ಮತ್ತು ಅರ್ಧ ಪೆಟ್ಟಿಗೆ ಆಂಟಾಸಿಡ್.

ಪುಣೆಯಲ್ಲಿ ಕೂತು ಇದನ್ನು ಬರೆಯುವವಳಿಗೆ ಉದಾಹರಣೆ ದೂರ ಹುಡುಕಬೇಕಿಲ್ಲ. ಅಮೆರಿಕದ ಸಿಂಥಿಯಾ ಫರಾರ್ 1827ರಲ್ಲಿ ಮುಂಬಯಿಗೆ ಬಂದಿಳಿದ ಒಂಟಿ ಹೆಂಗಸು. 1862ರಲ್ಲಿ ಅಹಮದ್‌ನಗರದಲ್ಲಿ ತೀರಿಕೊಂಡರು. ಮೂವತ್ತೈದು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. ಅವರ ಬಳಿ ಶಿಕ್ಷಕಿಯ ತರಬೇತಿ ಪಡೆದವರಲ್ಲಿ ಸಾವಿತ್ರಿಬಾಯಿ ಫುಲೆ ಒಬ್ಬರು. ಸಾವಿತ್ರಿಬಾಯಿ ಕ್ರೈಸ್ತರಾಗಲಿಲ್ಲ, ಆಗಬೇಕಿರಲೂ ಇಲ್ಲ. 1897ರ ಪ್ಲೇಗಿನಲ್ಲಿ ಮಗ ಡಾಕ್ಟರ್ ಯಶವಂತ ಹಡಪ್ಸರದ ಬಳಿ ದವಾಖಾನೆ ನಡೆಸುತ್ತಿದ್ದಾಗ, ರೋಗಿ ಹುಡುಗನನ್ನು ಹೊತ್ತುಕೊಂಡು ಅಲ್ಲಿಗೆ ತಂದು, ತಾವೇ ಸೋಂಕಿಗೆ ಸಿಕ್ಕಿ ಮಾರ್ಚ್ 10ರಂದು ತೀರಿಕೊಂಡರು. ಫರಾರ್ ಅವರ ವರದಿಯಲ್ಲಿ ಎಷ್ಟು ಬದುಕು ಮುಟ್ಟಿದೆವು ಎಂಬ ಅಂಕಿ ಇತ್ತೋ ಇಲ್ಲವೋ, ಈ ಒಂದು ಬದುಕು ಸಾಕು.

ಇನ್ನು ಪಂಡಿತಾ ರಮಾಬಾಯಿ. ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು. ಪುಣೆಯಿಂದ ದೌಂಡ್ ದಾರಿಯಲ್ಲಿ ಸಿಗುವ ಕೇಡಗಾಂವ್‌ನಲ್ಲಿ ಅವರ ಮುಕ್ತಿ ಮಿಶನ್ ಇದೆ. ನಮ್ಮ ಸಭೆಗಳವರು ಅಲ್ಲಿಗೆ ಬಸ್ಸು ಮಾಡಿಕೊಂಡು ಹೋಗಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ರಮಾಬಾಯಿ ನಮಗೆ ಕಲಿಸಬಹುದಾದದ್ದು ಬೇರೆಯೇ ಇದೆ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ ಅವರು ತಮ್ಮನ್ನು ಸಾಕಿದ ಸಿಸ್ಟರುಗಳ ಜೊತೆ ಜಗಳ ಬಿಡಲಿಲ್ಲ. ಲ್ಯಾಟಿನ್ ಅಕ್ಷರದ ಶಿಲುಬೆ ತೊಡಲು ಹೇಳಿದರೆ, ನಮ್ಮ ನಾಡಿನವರಿಗೆ ತಿಳಿಯದ ಲ್ಯಾಟಿನ್ ಯಾಕೆ, ಸಂಸ್ಕೃತದಲ್ಲಿ ಇರಲಿ ಎಂದು ವಾದಿಸಿದರು. ಪುಣೆಗೆ ಬಂದು ಶಾರದಾ ಸದನ ನಡೆಸಿದಾಗ, ಮತಾಂತರದ ದೂರೆದ್ದು 1893ರಲ್ಲಿ ರಾನಡೆ, ಭಂಡಾರಕರರಂಥ ಬೆಂಬಲಿಗರೇ ಸಲಹಾ ಸಮಿತಿ ಬಿಟ್ಟರು. ಆ ದೂರಿನಲ್ಲಿ ನ್ಯಾಯ ಎಷ್ಟಿತ್ತು ಎಂದು ಇವತ್ತಿಗೂ ವಾದಿಸಬಹುದು. ಆದರೆ ರಮಾಬಾಯಿ ಗಂಟುಮೂಟೆ ಕಟ್ಟಿ ಹೋಗಲಿಲ್ಲ. 1896-97ರ ಬರದಲ್ಲಿ ಮಧ್ಯಪ್ರಾಂತದಿಂದ ಮುನ್ನೂರರಷ್ಟು ಹೆಣ್ಣುಮಕ್ಕಳನ್ನು ಕರೆತಂದರು. ಅದೇ 1897ರಲ್ಲಿ ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರ ಗತಿ ಏನಾಗಿದೆ ಎಂದು ಪತ್ರಿಕೆಗೆ ಬರೆದು ಸರ್ಕಾರದ ಸಿಟ್ಟಿಗೆ ಗುರಿಯಾದರು. ಲಂಡನ್ನಿನ ಸಂಸತ್ತಿನಲ್ಲೂ ಅದು ಪ್ರಶ್ನೆಯಾಯಿತು. ಊರಿನ ಪರವಾಗಿ ದೊರೆಗೆ ಬೈಯುವುದೂ ಉಳಿದವರಿಗೆ ಮಾತ್ರ ಬರುವ ವಿದ್ಯೆ. ಹನ್ನೆರಡು ದಿನದ ವೀಸಾದವರು ದೊರೆಯ ಜೊತೆ ಫೋಟೊ ತೆಗೆಸಿಕೊಂಡು ಬರುತ್ತಾರೆ.

ಹಾಗಾಗಿ ವಾಟ್ಸ್‌ಆ್ಯಪಿನವರಿಗೆ ನನ್ನ ಉತ್ತರ ಇದು: ನಿಮ್ಮ ಆಕ್ಷೇಪ ಬೈಬಲ್ಲಿಗಿರಲಿ, ಒಪ್ಪೋಣ. ಆದರೆ ಹೆರಿಗೆ ವಾರ್ಡಿನಲ್ಲಿ ರಾತ್ರಿ ಎದ್ದು ಕೂತವರು ಯಾರು, ಕುಷ್ಠರೋಗಿಯ ಗಾಯ ತೊಳೆದವರು ಯಾರು ಎಂಬ ಪ್ರಶ್ನೆಗೆ ಉತ್ತರ ಹೇಳಿದ ಮೇಲೆ ಮಾತಾಡಿ. ನಮ್ಮ ಸಭೆಯವರಿಗೆ ಉತ್ತರ ಇದು: ಅವರ ಹೆಸರು ಹೇಳಿ ಟಿಕೆಟ್ ಮಾರಬೇಡಿ. ವಾನ್ಲೆಸ್, ಸ್ಕಡರ್, ರಮಾಬಾಯಿಯವರ ಚಿತ್ರ ಹಾಕಿದ ಪೋಸ್ಟರಿನ ಕೆಳಗೆ ‘12 ದಿನ, ಊಟ ವಸತಿ ಸೇರಿ’ ಎಂದು ಬರೆಯುವುದು ಅವರಿಗೆ ಮಾಡುವ ಅವಮಾನ.

‘ಏನೂ ಇಲ್ಲದ್ದಕ್ಕಿಂತ ಏನೋ ಒಂದು ಆಯಿತಲ್ಲ’ ಎನ್ನುತ್ತಾರೆ. ಅಲ್ಲಿ ಏನೂ ಇಲ್ಲದೆ ಇರಲಿಲ್ಲ. ಆರೋಗ್ಯ ಕೇಂದ್ರವಿತ್ತು, ಯಾರು ಯಾವ ಮಾತ್ರೆ ನುಂಗುತ್ತಾರೆಂದು ಬಲ್ಲ ನರ್ಸ್ ಇದ್ದಳು. ನಾವು ಬಂದ ಎಂಟು ದಿನ ಆಕೆಯ ಓಪಿಡಿ ಖಾಲಿ, ಆಮೇಲೆ ಎಷ್ಟು ದಿನ ಬೇಕಾಯಿತೋ ನಮ್ಮ ತಪ್ಪು ತಿದ್ದಲು. ‘ಹೋಗಿ ಬಂದವರ ಮನಸ್ಸು ಬದಲಾಗುತ್ತದೆ’ ಎಂದೂ ಹೇಳುತ್ತಾರೆ. ಇರಬಹುದು. ನನ್ನ ಮನಸ್ಸಿನ ಚಿಕಿತ್ಸೆಗೆ ಆ ಹೆಂಗಸಿನ ಹೊಟ್ಟೆ ಪ್ರಯೋಗಶಾಲೆ ಆಗಬೇಕೇ? ನಾವು ಹದಿನೆಂಟು ಮಂದಿ ಹೋಗಿದ್ದೆವು. ಆ ವರ್ಷ ತಲೆಗೆ ಒಂದೂಕಾಲು ಲಕ್ಷ, ಒಟ್ಟು ಇಪ್ಪತ್ತೆರಡೂವರೆ ಲಕ್ಷ. ಆ ಹಣ ಹಾಗೇ ಕಳಿಸಿದ್ದರೆ ಆಕೆಯ ಜೊತೆಗೆ ಇನ್ನೊಬ್ಬ ನರ್ಸನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬಹುದಿತ್ತು, ಸೈಕಲ್ಲಿನ ಬದಲು ಬೈಕ್ ಕೊಡಿಸಬಹುದಿತ್ತು. ಆದರೆ ಹಣ ಮಾತ್ರ ಕಳಿಸಿ ಎಂದರೆ ನಮ್ಮಲ್ಲಿ ಎಷ್ಟು ಮಂದಿ ಕೊಡುತ್ತಿದ್ದರು? ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಟ್ಟರೆ ಸೇವೆ ಯಾರಿಗೆ ಬೇಕಾಗಿತ್ತು ಎಂಬುದು ತಿಳಿಯುತ್ತದೆ.

ಆಫ್ರಿಕಾಕ್ಕೆ ಹೋಗಲೇಬೇಡಿ ಎನ್ನುವುದಿಲ್ಲ. ಎರಡು ವರ್ಷಕ್ಕೆ ಹೋಗಿ. ಮೊದಲ ಆರು ತಿಂಗಳು ಭಾಷೆ ಕಲಿಯಿರಿ. ಅಲ್ಲಿನ ಆರೋಗ್ಯ ಕೇಂದ್ರದ ನರ್ಸ್ ಕೈಕೆಳಗೆ ಕೆಲಸ ಮಾಡಿ, ಆಕೆಯಿಂದ ಬೈಸಿಕೊಳ್ಳಿ. ಪ್ರಾರ್ಥನೆಯ ಮೇಜನ್ನು ಔಷಧದ ಸಾಲಿನಿಂದ ಎತ್ತಿ ದೂರ ಇಡಿ, ಬೇಕಾದವರು ಬರಲಿ. ಇಷ್ಟಕ್ಕೆ ಒಪ್ಪುವವರು ಹೋಗಲಿ, ಅವರ ಟಿಕೆಟ್ಟಿಗೆ ನಾನೂ ಹಣ ಹಾಕುತ್ತೇನೆ.

ಅಷ್ಟು ಆಗದವರಿಗೆ, ಅಂದರೆ ನನ್ನಂಥವರಿಗೆ, ಒಂದು ಕೆಲಸವಿದೆ. ಈ ಪತ್ರಿಕೆ ಓದುವ ನೀವು ಪುಣೆಯವರೋ ಮುಂಬಯಿಯವರೋ ಹೈದರಾಬಾದಿನವರೋ, ಎಲ್ಲರಿಗೂ ಕನ್ನಡ ಬರುತ್ತದೆ. ಪುಣೆಯ ಹೊಸ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವರು ಬಹಳ. ರಮಾಬಾಯಿ ಮತ್ತು ಅವರ ಮಗಳು ಮನೋರಮಾ ಕಲಬುರಗಿಗೆ ಹೋಗಿ ಶಾಲೆ ಕಟ್ಟಿದ್ದರು. ಇವತ್ತು ಆ ಕಲಬುರಗಿಯೇ ನಮ್ಮ ಗೇಟಿನ ಹೊರಗೆ ತಗಡಿನ ಶೆಡ್ಡಿನಲ್ಲಿ ಬಂದು ಕೂತಿದೆ. ಅವರ ಹೆಂಗಸರು ಇಲ್ಲಿನ ಆಸ್ಪತ್ರೆಗೆ ಬಂದಾಗ ನಾನು ಮಲಾವಿಯಲ್ಲಿ ಕಂಡದ್ದೇ ನಡೆಯುತ್ತದೆ. ಡಾಕ್ಟರು ಮರಾಠಿಯಲ್ಲಿ ಕೇಳುತ್ತಾರೆ, ಗಂಡನೋ ಮುಕಾದಮನೋ ಉತ್ತರ ಹೇಳುತ್ತಾನೆ, ಆಕೆ ನೆಲ ನೋಡುತ್ತಾಳೆ, ಕೇಸ್ ಪೇಪರಿನಲ್ಲಿ ‘ಹೊಟ್ಟೆ ನೋವು’ ಎಂದು ಬೀಳುತ್ತದೆ.

ಹೋದ ಡಿಸೆಂಬರಿನಿಂದ ನನ್ನ ವಾರದ ರಜೆಯ ದಿನ ಎರಡು ಗಂಟೆ ಒಂದು ಹೆರಿಗೆ ಓಪಿಡಿಯಲ್ಲಿ ಸುಮ್ಮನೆ ಕೂರುತ್ತೇನೆ, ಕನ್ನಡಕ್ಕೆ. ಸೂಜಿ ಚುಚ್ಚುವುದಿಲ್ಲ, ಔಷಧ ಹೇಳುವುದಿಲ್ಲ, ಪ್ರಾರ್ಥನೆ ನನ್ನ ಮನಸ್ಸಿನೊಳಗೆ. ಮೊದಲ ತಿಂಗಳೇ ಶಹಾಪುರದ ಕಡೆಯ ಒಬ್ಬ ಬಸುರಿ ಸಿಕ್ಕಳು. ಏಳು ತಿಂಗಳು, ಕಬ್ಬಿಣದ ಮಾತ್ರೆಯ ಪಟ್ಟಿಗಳೆಲ್ಲ ಚೀಲದಲ್ಲಿ ಹಾಗೇ ಇದ್ದವು. ಯಾಕೆ ನುಂಗಿಲ್ಲ ಎಂದು ಎಲ್ಲರೂ ಕೇಳಿದ್ದರು, ಮರಾಠಿಯಲ್ಲಿ. ನಾನು ಗಂಡನನ್ನು ಚಹಾ ತರಲು ಕಳಿಸಿ ಕೇಳಿದೆ. “ನುಂಗಿದ್ರ ಕರ್ರಗ ಹೋಗತೈತ್ರಿ ಅಕ್ಕಾ. ಒಳಗ ರಕ್ತ ಹೊಂಟೈತೇನೋ ಅಂತ ಹೆದರಿ ಬಿಟ್ಟೆ” ಎಂದಳು. ಕಬ್ಬಿಣದ ಮಾತ್ರೆ ನುಂಗಿದರೆ ಮಲ ಕಪ್ಪಾಗುವುದು ಸಹಜ, ಹೆದರಬೇಕಾದ್ದಿಲ್ಲ. ಒಂದು ವಾಕ್ಯದ ಉತ್ತರ ಅದು. ಮೂರು ತಿಂಗಳಿನಿಂದ ಯಾರೂ ಆಕೆಗೆ ಅದನ್ನು ಹೇಳಿರಲಿಲ್ಲ.

ನನಗೆ ಸಿಟ್ಟು ಬಂತು. “ಏಳು ತಿಂಗಳ ಬಸುರಿ, ಚೀಲ ತುಂಬ ಗುಳಿಗಿ ಹೊತ್ಕೊಂಡು ತಿರಗ್ತೀಯಲ್ಲ, ಮೊದಲ ಕೇಳಾಕ ನಿನಗೇನ್ ಧಾಡಿ ಆಗಿತ್ತು?” ಎಂದು ಜೋರಾಗಿ ಬೈದೆ. ಬೆಂಚಿನ ಮೇಲಿದ್ದ ಆಕೆಯ ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕಳು.

ಪೋಸ್ಟರ್ ಕಳಿಸಿದವರಿಗೆ ಉತ್ತರ ಬರೆದಿದ್ದೇನೆ. ನನ್ನ ಫೋಟೊ ತೆಗೆಯಿರಿ, ಅದಕ್ಕಿಂತ ಮೊದಲು ಆ ಮಗುವಿನದನ್ನು ತೆಗೆಯಿರಿ ಎಂದು. ನನ್ನ ಒಂದು ಲಕ್ಷ ನಲವತ್ತು ಸಾವಿರವನ್ನು ಆ ಆರೋಗ್ಯ ಕೇಂದ್ರಕ್ಕೆ ನೇರವಾಗಿ ಮುಟ್ಟಿಸುವ ದಾರಿ ಇದ್ದರೆ ತಿಳಿಸಿ ಎಂದೂ ಕೇಳಿದ್ದೇನೆ. ಎರಡು ವಾರವಾಯಿತು, ಉತ್ತರವಿಲ್ಲ. ಓಪಿಡಿಯಲ್ಲಿ ಗುರುವಾರ ನಾನಿರುತ್ತೇನೆ. ಸೋಮವಾರಕ್ಕೂ ಶನಿವಾರಕ್ಕೂ ಕನ್ನಡದವರು ಯಾರಾದರೂ ಬೇಕು.